ಹಳೆಯ ಉಷ್ಣಾಂಶದ ಲೆಕ್ಕವನ್ನು ಯಾಕೆ ತಿದ್ದಿದರು?

ಪ್ರಶ್ನೆ: ನಾನು 28 ವರ್ಷ ಆಡಿಟ್ ಕೆಲಸ ಮಾಡಿ ನಿವೃತ್ತನಾದವನು. ಈಚೆಗೆ ಅಮೆರಿಕದ ಉಷ್ಣಾಂಶದ ಎರಡು ಗ್ರಾಫ್ ನೋಡಿದೆ. ಒಂದು, ಥರ್ಮಾಮೀಟರ್‌ನಲ್ಲಿ ಕಂಡ ಹಾಗೇ ಬರೆದಿಟ್ಟ ಅಂಕಿಗಳದ್ದು. ಇನ್ನೊಂದು, ವಿಜ್ಞಾನಿಗಳು ತಿದ್ದಿದ ಮೇಲಿನದ್ದು. ತಿದ್ದಿದ ಗ್ರಾಫಿನಲ್ಲಿ 1930ರ ದಶಕದ ಬಿಸಿ ಕೆಳಗಿಳಿದಿದೆ. ಈಗಿನದ್ದು ಹಾಗೇ ಇದೆ. ಏರಿಕೆ ಕಾಣುವುದೇ ಇದರಿಂದ ಅಲ್ವಾ? ಹಳೇ ಲೆಡ್ಜರ್‌ನಲ್ಲಿ ಯಾರಾದರೂ ಹೀಗೆ ಅಂಕಿ ತಿದ್ದಿದ್ದರೆ ನಾನು ಸುಮ್ನೆ ಬಿಡುತ್ತಿರಲಿಲ್ಲ. ಇನ್ನೊಂದು ಅನುಮಾನವೂ ಇದೆ. ಥರ್ಮಾಮೀಟರ್‌ಗಳ ಸುತ್ತ ಈಗ ಊರು ಬೆಳೆದುಬಿಟ್ಟಿದೆ. ಅವು ಅಳೆಯುತ್ತಿರುವುದು ಕಾಂಕ್ರೀಟಿನ ಬಿಸಿಯನ್ನೇ ಅಲ್ಲವೇ?

ಉತ್ತರ: ನೀವು ನೋಡಿದ ಎರಡೂ ಗ್ರಾಫ್ ನಿಜವಾದವೇ. ತಿದ್ದಿರುವುದೂ ನಿಜ. ಅಮೆರಿಕದ ಮಟ್ಟಿಗೆ, ತಿದ್ದಿದ್ದರಿಂದ ಏರಿಕೆ ಜಾಸ್ತಿ ಕಾಣುತ್ತದೆ ಎಂಬುದೂ ನಿಜ. ಇಷ್ಟನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಈ ಪ್ರಶ್ನೆ ಕೇಳಿದವರನ್ನು ‘ವಿಜ್ಞಾನ ಗೊತ್ತಿಲ್ಲದವರು’ ಎಂದು ಬಾಯಿ ಮುಚ್ಚಿಸುವುದನ್ನು ಕಂಡಿದ್ದೇನೆ. ನನಗೆ ಅದು ತುಂಬ ಬೇಸರ ತರುತ್ತದೆ. ಅಂಕಿ ತಿದ್ದಿದ್ದನ್ನು ಕಂಡವರು ‘ಯಾಕೆ’ ಎಂದು ಕೇಳಲೇಬೇಕು.

ನೀವು ಆಡಿಟ್ ಮಾಡಿದವರು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ಏನಿರುತ್ತದೆ ಎಂದು ಊಹಿಸಬಲ್ಲೆ. ಮೂಲ ವೋಚರ್ ಎಲ್ಲಿದೆ? ಅದು ಇದೆ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಆಶ್‌ವಿಲ್‌ನಲ್ಲಿ ಅವರ ಹವಾಮಾನ ದಾಖಲೆಗಳ ಕೇಂದ್ರವಿದೆ. ಅಲ್ಲಿ ಕೈಯಲ್ಲಿ ಬರೆದ ಹಳೆಯ ತಿಂಗಳ ಹಾಳೆಗಳನ್ನು ಕಾಪಾಡಿದ್ದಾರೆ. ತಿದ್ದದ ಅಂಕಿಗಳ ಕಡತ ಬೇರೆ, ತಿದ್ದಿದ ಅಂಕಿಗಳ ಕಡತ ಬೇರೆ. ಎರಡೂ ಉಚಿತವಾಗಿ ಯಾರಿಗಾದರೂ ಸಿಗುತ್ತವೆ. ನೀವು ಎರಡು ಗ್ರಾಫ್ ಅಕ್ಕಪಕ್ಕ ನೋಡಲು ಆಗಿದ್ದೇ ಅದರಿಂದ. ಯಾರೂ ಲೆಡ್ಜರಿನ ಸಾಲು ಅಳಿಸಿ ಅದರ ಮೇಲೆ ಬರೆದಿಲ್ಲ. ಮೂಲ ಸಾಲನ್ನು ಹಾಗೇ ಬಿಟ್ಟು ಪಕ್ಕದಲ್ಲಿ ತಿದ್ದುಪಡಿಯ ಜರ್ನಲ್ ಎಂಟ್ರಿ ಹಾಕಿದ್ದಾರೆ. ಇನ್ನು ಉಳಿದಿರುವುದು ಆ ಎಂಟ್ರಿಗೆ ಕಾರಣ ಸರಿಯಾಗಿದೆಯೇ ಎಂಬ ಪ್ರಶ್ನೆ.

ಅಮೆರಿಕದಲ್ಲಿ ಆ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದು ಗಡಿಯಾರದ ಸಂಗತಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಅರ್ಥವಾದರೆ ನಿಮ್ಮ 1930ರ ದಶಕದ ಪ್ರಶ್ನೆ ಬಹುಪಾಲು ಬಿಡಿಸಿಕೊಳ್ಳುತ್ತದೆ.

1890ರ ಹೊತ್ತಿನಿಂದ ಅಲ್ಲಿ ಸ್ವಯಂಸೇವಕರ ಒಂದು ದೊಡ್ಡ ಜಾಲವಿದೆ. ರೈತರು, ಮೇಷ್ಟ್ರುಗಳು, ಪೋಸ್ಟ್ ಆಫೀಸಿನವರು ಹೀಗೆ ಎಲ್ಲ ಥರದ ಜನ. ಅವರ ಹತ್ತಿರ ಇದ್ದದ್ದು ಗರಿಷ್ಠ-ಕನಿಷ್ಠ ಥರ್ಮಾಮೀಟರ್. ಗರಿಷ್ಠದ ಕೊಳವೆಯಲ್ಲಿ ಪಾದರಸ ಮೇಲೇರಿದರೆ ಅಲ್ಲೇ ನಿಲ್ಲುತ್ತದೆ. ದಿನಕ್ಕೊಮ್ಮೆ ಹೋಗಿ ಓದಿ, ಬರೆದು, ಮತ್ತೆ ಕೆಳಗಿಳಿಸಬೇಕು. ಹಾಗೆ ಇಳಿಸಿದಾಗ ಅದು ಆ ಹೊತ್ತಿನ ಗಾಳಿಯ ಉಷ್ಣಾಂಶಕ್ಕೆ ಬಂದು ನಿಲ್ಲುತ್ತದೆ.

ಒಬ್ಬರು ದಿನಾ ಸಂಜೆ 5 ಗಂಟೆಗೆ ಓದುತ್ತಾರೆ ಅಂದುಕೊಳ್ಳಿ. ಸೋಮವಾರ ವಿಪರೀತ ಬಿಸಿಲು. ಮಧ್ಯಾಹ್ನ 38 ಡಿಗ್ರಿ ಮುಟ್ಟಿತು. ಅವರು ಸಂಜೆ ಬಂದು 38 ಎಂದು ಬರೆದು ಪಾದರಸ ಇಳಿಸಿದರು. ಆ ಹೊತ್ತಿಗೆ ಗಾಳಿ ಇನ್ನೂ 37 ಡಿಗ್ರಿ ಇದೆ. ಹಾಗಾಗಿ ಪಾದರಸ 37ಕ್ಕೆ ನಿಂತಿತು. ಆ ರಾತ್ರಿ ಗುಡುಗು ಮಳೆ ಬಂತು. ಮಂಗಳವಾರ ಇಡೀ ದಿನ ಮೋಡ, 30 ಡಿಗ್ರಿ ದಾಟಲೇ ಇಲ್ಲ. ಆದರೆ ಮಂಗಳವಾರ ಸಂಜೆ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ? 37. ಸೋಮವಾರ ಸಂಜೆ ನಿಂತ ಜಾಗದಿಂದ ಅದು ಕದಲಿಲ್ಲ. ಪುಸ್ತಕದಲ್ಲಿ ಮಂಗಳವಾರದ ಗರಿಷ್ಠ 37 ಎಂದು ದಾಖಲಾಯಿತು. ಒಂದೇ ಬಿಸಿಲನ್ನು ಎರಡು ಸಲ ಎಣಿಸಿದಂತಾಯಿತು. ಬರೆದವರದ್ದು ಏನೂ ತಪ್ಪಿಲ್ಲ. ಅವರು ಕಂಡದ್ದನ್ನೇ ಬರೆದಿದ್ದಾರೆ.

ಬೆಳಗ್ಗೆ 7ಕ್ಕೆ ಓದುವವರಿಗೆ ಇದೇ ತೊಂದರೆ ತಿರುಗುಮುರುಗಾಗಿ ಬರುತ್ತದೆ. ಚಳಿ ಕೊರೆಯುವ ಒಂದು ಬೆಳಗ್ಗೆ ಕನಿಷ್ಠದ ಮುಳ್ಳು ಕೆಳಗೇ ನಿಲ್ಲುತ್ತದೆ. ಮರುದಿನದ ಬೆಳಗು ಬೆಚ್ಚಗಿದ್ದರೂ ಹಿಂದಿನ ದಿನದ ಚಳಿಯೇ ಮತ್ತೊಮ್ಮೆ ದಾಖಲಾಗುತ್ತದೆ. ಸಂಜೆ ಓದಿದರೆ ಲೆಕ್ಕ ಬಿಸಿಯ ಕಡೆಗೆ ವಾಲುತ್ತದೆ, ಬೆಳಗ್ಗೆ ಓದಿದರೆ ತಣ್ಣನೆಯ ಕಡೆಗೆ. ಕೆಲವು ಕಡೆ, ಕೆಲವು ತಿಂಗಳಲ್ಲಿ, ತಿಂಗಳ ಸರಾಸರಿಯೇ ಒಂದು ಡಿಗ್ರಿಯಷ್ಟು ಬದಲಾಗಬಹುದು.

ಈಗ ಮುಖ್ಯ ಸಂಗತಿಗೆ ಬರೋಣ. 1930ರ ದಶಕದಲ್ಲಿ ಆ ಸ್ವಯಂಸೇವಕರಲ್ಲಿ ಹೆಚ್ಚಿನವರು ಓದುತ್ತಿದ್ದುದು ಸಂಜೆ. 1950ರ ಆಸುಪಾಸಿನಿಂದ ಒಬ್ಬೊಬ್ಬರಾಗಿ ಬೆಳಗಿನ ಹೊತ್ತಿಗೆ ಬದಲಾದರು. ಅದಕ್ಕೂ ಉಷ್ಣಾಂಶಕ್ಕೂ ಸಂಬಂಧವೇ ಇರಲಿಲ್ಲ. ಮಳೆ ಅಳೆಯಲು ಬೆಳಗ್ಗೆ ಒಳ್ಳೆಯದು, ಸಂಜೆಯವರೆಗೆ ಬಿಟ್ಟರೆ ಮಾಪಕದ ನೀರು ಸ್ವಲ್ಪ ಆರಿಹೋಗುತ್ತದೆ ಎಂಬುದು ಕಾರಣ. ಮಳೆಗೋಸ್ಕರ ಮಾಡಿದ ಬದಲಾವಣೆ ಉಷ್ಣಾಂಶದ ಪುಸ್ತಕದಲ್ಲಿ ದಶಕಗಟ್ಟಲೆ ಸುಳ್ಳು ತಂಪನ್ನು ಸೇರಿಸಿತು. ನೀವು ನೋಡಿದ ತಿದ್ದದ ಗ್ರಾಫಿನಲ್ಲಿ ಆ ಸುಳ್ಳು ತಂಪು ಇನ್ನೂ ಕೂತಿದೆ. ಹೀಗಾಗಿ ತಿದ್ದದೆ ಬಿಟ್ಟರೂ ಲೆಕ್ಕ ಸರಿಯಾಗುವುದಿಲ್ಲ. ಗೊತ್ತಿರುವ ತಪ್ಪನ್ನು ಉಳಿಸಿಕೊಂಡಂತೆ ಆಗುತ್ತದೆ.

ಈ ತಪ್ಪಿನ ಗಾತ್ರವನ್ನು ಯಾರೋ ಕೂತು ಊಹಿಸಿಲ್ಲ. ಗಂಟೆಗೊಮ್ಮೆ ಅಳೆಯುವ ಕೇಂದ್ರಗಳಿವೆ. ಆ ಅಂಕಿಗಳನ್ನು ತೆಗೆದುಕೊಂಡು, ಸಂಜೆ 5ಕ್ಕೆ ಓದಿದ್ದರೆ ಎಷ್ಟು ಬರುತ್ತಿತ್ತು, ಬೆಳಗ್ಗೆ 7ಕ್ಕೆ ಓದಿದ್ದರೆ ಎಷ್ಟು ಬರುತ್ತಿತ್ತು ಎಂದು ಲೆಕ್ಕ ಹಾಕಬಹುದು. ಅಮೆರಿಕದ ಹವಾಮಾನ ವಿಜ್ಞಾನಿ ಥಾಮಸ್ ಕಾರ್ಲ್ ಮತ್ತು ಜೊತೆಗಾರರು 1986ರಲ್ಲಿ ಇದನ್ನು ಮಾಡಿ ಪ್ರಕಟಿಸಿದರು. ಎಕ್ಸೆಲ್ ಬಲ್ಲವರು ಈಗಲೂ ಒಂದು ಸಂಜೆ ಕೂತು ಇದನ್ನು ಮಾಡಿ ನೋಡಬಹುದು.

‘ಹಿಂದಿನದನ್ನೇ ಯಾಕೆ ಇಳಿಸಿದರು, ಈಗಿನದನ್ನು ಏರಿಸಬಹುದಿತ್ತಲ್ಲ’ ಎಂದು ನೀವು ಕೇಳಬಹುದು. ಲೆಕ್ಕಕ್ಕೆ ಎರಡೂ ಒಂದೇ. ಏರಿಕೆಯ ಪ್ರಮಾಣ ಬದಲಾಗುವುದಿಲ್ಲ. ಈಗಿನ ಉಪಕರಣವನ್ನು ಅಳತೆಗೋಲಾಗಿ ಇಟ್ಟುಕೊಂಡರೆ ನಾಳೆ ಬರುವ ಅಂಕಿಯನ್ನು ನೇರವಾಗಿ ಸೇರಿಸಬಹುದು. ಅಷ್ಟೇ ಅನುಕೂಲ. ಆದರೆ ನೋಡುವವರ ಕಣ್ಣಿಗೆ ಇದು ‘ಇತಿಹಾಸವನ್ನು ತಣ್ಣಗೆ ಮಾಡಿದರು’ ಎಂದು ಕಾಣುತ್ತದೆ. ಗ್ರಾಫಿನ ಜೊತೆಗೇ ಇದನ್ನು ಎರಡು ಸಾಲಿನಲ್ಲಿ ಬರೆದು ಹಾಕಿದ್ದರೆ ಎಷ್ಟೋ ಜನರ ಅನುಮಾನ ಹುಟ್ಟುತ್ತಲೇ ಇರಲಿಲ್ಲ ಎಂದು ನನಗೆ ಅನಿಸುತ್ತದೆ.

1980ರ ದಶಕದಲ್ಲಿ ಇನ್ನೊಂದು ಬದಲಾವಣೆ ಆಯಿತು. ಮರದ ಪೆಟ್ಟಿಗೆಯೊಳಗಿನ ಗಾಜಿನ ಥರ್ಮಾಮೀಟರ್ ಹೋಗಿ ಎಲೆಕ್ಟ್ರಾನಿಕ್ ಉಪಕರಣ ಬಂತು. ಹೊಸದು ಗರಿಷ್ಠವನ್ನು ಸುಮಾರು 0.4 ಡಿಗ್ರಿ ಕಡಿಮೆ, ಕನಿಷ್ಠವನ್ನು ಸುಮಾರು 0.3 ಡಿಗ್ರಿ ಜಾಸ್ತಿ ತೋರಿಸಿತು. ಇದನ್ನೂ ಸರಿಹೊಂದಿಸಬೇಕಾಯಿತು.

ಕೆಲವೊಮ್ಮೆ ಕೇಂದ್ರವೇ ಜಾಗ ಬದಲಿಸುತ್ತದೆ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಹಾಗಾಯಿತು. ಮೊದಲು ಥರ್ಮಾಮೀಟರ್ ಇದ್ದದ್ದು ಸಮುದ್ರದ ಪಕ್ಕದ ಥಾರ್ನ್‌ಡನ್‌ನಲ್ಲಿ, ಸಮುದ್ರಮಟ್ಟದಿಂದ 3 ಮೀಟರ್ ಎತ್ತರದಲ್ಲಿ. 1920ರ ದಶಕದ ಕೊನೆಗೆ ಅದು ಕೆಲ್ಬರ್ನ್ ಗುಡ್ಡಕ್ಕೆ, 125 ಮೀಟರ್ ಎತ್ತರಕ್ಕೆ ಹೋಯಿತು. ಗುಡ್ಡದ ಮೇಲೆ ಸುಮಾರು 0.8 ಡಿಗ್ರಿ ತಂಪು. ಎರಡನ್ನೂ ಹಾಗೇ ಹೊಲಿದುಬಿಟ್ಟರೆ ಇಡೀ ಊರು ಒಂದೇ ಸಲ ತಣ್ಣಗಾದಂತೆ ಕಾಣುತ್ತದೆ. ಮೈಸೂರು ಊರೊಳಗೆ ಇಪ್ಪತ್ತು ವರ್ಷ ಅಳೆದು, ಆಮೇಲೆ ಚಾಮುಂಡಿ ಬೆಟ್ಟದ ಮೇಲೆ ಅಳೆದು, ಎರಡನ್ನೂ ‘ಮೈಸೂರು’ ಎಂದು ಒಂದೇ ಸಾಲಿನಲ್ಲಿ ಬರೆದರೆ ನೀವು ಒಪ್ಪುತ್ತೀರಾ? ಈ ತಿದ್ದುಪಡಿಗಳ ಮೇಲೆ ಆಕ್ಷೇಪ ಎತ್ತಿದವರು ಅಲ್ಲಿ ಕೋರ್ಟಿಗೂ ಹೋದರು. 2012ರಲ್ಲಿ ಆಕ್ಲೆಂಡಿನ ಹೈಕೋರ್ಟ್ ಅವರ ದಾವೆಯನ್ನು ತಳ್ಳಿಹಾಕಿತು. ಆದರೆ ನನಗೆ ಕೋರ್ಟಿನ ತೀರ್ಪಿಗಿಂತ ಆ ಗುಡ್ಡದ ಎತ್ತರವೇ ದೊಡ್ಡ ಸಾಕ್ಷಿ.

ಇಂಥ ಬದಲಾವಣೆಗಳೆಲ್ಲ ಪುಸ್ತಕದಲ್ಲಿ ದಾಖಲಾಗಿರುವುದಿಲ್ಲ. ನಿಜವಾದ ಕಷ್ಟ ಇರುವುದು ಇಲ್ಲೇ. ಬಹಳ ವರ್ಷದ ಹಿಂದೆ ನಾನು ಒಂದು ವೀಕ್ಷಣಾ ಕೇಂದ್ರಕ್ಕೆ ಹೋಗಿದ್ದೆ. ಬಿಳಿ ಪೆಟ್ಟಿಗೆಯ ಬಣ್ಣ ಪೂರ್ತಿ ಎದ್ದುಹೋಗಿತ್ತು. ಹತ್ತು ಹೆಜ್ಜೆ ದೂರದಲ್ಲಿ ಹೊಸ ಕಟ್ಟಡ ಎದ್ದಿತ್ತು. ದಾಖಲೆ ಪುಸ್ತಕ ತಿರುವಿ ನೋಡಿದೆ. ಎರಡರ ಬಗ್ಗೆಯೂ ಒಂದಕ್ಷರ ಇರಲಿಲ್ಲ. ಅಂಕಿ ಮಾತ್ರ ದಿನಾ ತಪ್ಪದೆ ಬರೆದಿದ್ದರು. ಅವತ್ತಿನಿಂದ ‘ಮೂಲ ಅಂಕಿ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಪೆಟ್ಟಿಗೆ ನೆನಪಾಗುತ್ತದೆ.

ಪುಸ್ತಕದಲ್ಲಿ ಇಲ್ಲದ ಬದಲಾವಣೆಯನ್ನು ಹಿಡಿಯಲು ಅಕ್ಕಪಕ್ಕದ ಕೇಂದ್ರಗಳನ್ನು ನೋಡುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅಲ್ಲಿ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ. ಸುತ್ತಲಿನ ನಾಲ್ಕು ತೋಟಗಳ ಮಳೆ ಯಾವಾಗಲೂ ಒಟ್ಟಿಗೆ ಏರಿಳಿಯುತ್ತಿತ್ತು ಅಂದುಕೊಳ್ಳಿ. ಒಂದು ವರ್ಷದಿಂದ ನಿಮ್ಮ ತೋಟದ್ದು ಮಾತ್ರ ಸದಾ ಕಡಿಮೆ ಬರಲು ಶುರುವಾಯಿತು. ನಿಮ್ಮ ತೋಟಕ್ಕೆ ಮಾತ್ರ ಮುಂಗಾರು ಕೈಕೊಟ್ಟಿತು ಎಂದು ಯಾರೂ ಹೇಳುವುದಿಲ್ಲ. ಮಾಪಕದ ಮೇಲೆ ಸಿಲ್ವರ್ ಓಕ್ ಕೊಂಬೆ ಚಾಚಿದೆಯಾ ನೋಡಿ ಎನ್ನುತ್ತಾರೆ. ಉಷ್ಣಾಂಶದಲ್ಲೂ ಇದೇ ಉಪಾಯ. ಪ್ರತಿ ಕೇಂದ್ರವನ್ನು ನೆರೆಯ ಹಲವು ಕೇಂದ್ರಗಳ ಜೊತೆ ಜೋಡಿ ಜೋಡಿಯಾಗಿ ಹೋಲಿಸುತ್ತಾರೆ. ಒಂದು ಮಾತ್ರ ಇದ್ದಕ್ಕಿದ್ದಂತೆ ಜಿಗಿದರೆ ಗುರುತು ಹಾಕುತ್ತಾರೆ. ಕಂಪ್ಯೂಟರ್ ಮಾಡುವ ಈ ಕೆಲಸಕ್ಕೆ ಜಿಗಿತ ಮೇಲಕ್ಕೋ ಕೆಳಕ್ಕೋ ಎಂಬ ಪಕ್ಷಪಾತ ಇಲ್ಲ.

ಇದರ ಮಿತಿಗಳನ್ನೂ ಹೇಳಬೇಕು. ಆಫ್ರಿಕಾದ ಕೆಲವು ಭಾಗಗಳಂತೆ ನೆರೆಯ ಕೇಂದ್ರಗಳು ದೂರದೂರ ಇರುವ ಕಡೆ ಈ ವಿಧಾನ ಸೊರಗುತ್ತದೆ. ಯಾವುದೋ ಒಂದು ಊರಿನ ತಿದ್ದಿದ ಅಂಕಿ ತಪ್ಪಾಗಿರಲೂಬಹುದು. ಹೊಸ ಅಂಕಿಗಳು ಬಂದ ಹಾಗೆ ಲೆಕ್ಕ ಮತ್ತೆ ನಡೆಯುತ್ತದೆ. ಹಾಗಾಗಿ 1920ರ ಒಂದು ತಿಂಗಳ ಅಂಕಿ ಈ ವರ್ಷ ಒಂದು ಥರ, ಮುಂದಿನ ವರ್ಷ ಕೂದಲೆಳೆಯಷ್ಟು ಬೇರೆ ಥರ ಇರಬಹುದು. ಒಂದೇ ಊರಿನ ತಿದ್ದಿದ ಅಂಕಿ ಹಿಡಿದು ದೊಡ್ಡ ವಾದ ಕಟ್ಟುವುದು ಯಾವ ಕಡೆಯವರಿಗೂ ಒಳ್ಳೆಯದಲ್ಲ.

ಈ ವಿಧಾನ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂಬುದಕ್ಕೆ ಎರಡು ಪರೀಕ್ಷೆ ಆಗಿವೆ. ಮೊದಲನೆಯದರಲ್ಲಿ ಕಂಪ್ಯೂಟರಿನಲ್ಲಿ ನಕಲಿ ಹವಾಮಾನ ಸೃಷ್ಟಿಸಿ, ಅದರೊಳಗೆ ಬೇಕೆಂದೇ ತಪ್ಪುಗಳನ್ನು ಬಚ್ಚಿಟ್ಟು, ಈ ವಿಧಾನಕ್ಕೆ ಕೊಟ್ಟರು. ಸರಿಯಾದ ಉತ್ತರ ಪರೀಕ್ಷೆ ಮಾಡುವವರಿಗೆ ಮೊದಲೇ ಗೊತ್ತಿತ್ತು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಿಧಾನ ಸರಿಯಾದ ಉತ್ತರದ ಕಡೆಗೇ ಸಾಗಿತ್ತು. ಆದರೆ ತಪ್ಪು ಬಹಳ ಇದ್ದಾಗ ಪೂರ್ತಿ ತಲುಪದೆ ಸ್ವಲ್ಪ ಹಿಂದೆಯೇ ನಿಂತಿತ್ತು. ಅಂದರೆ ತಿದ್ದಿದ್ದು ಜಾಸ್ತಿಯಾಗಿರಲಿಲ್ಲ, ಸ್ವಲ್ಪ ಕಡಿಮೆಯೇ ಆಗಿತ್ತು. ಎರಡನೆಯ ಪರೀಕ್ಷೆ ನನಗೆ ಇನ್ನೂ ಇಷ್ಟ. ಅಮೆರಿಕದವರು ಊರುಗಳಿಂದ ದೂರದಲ್ಲಿ, ಜಾಗ ಬದಲಾಗದ ಹಾಗೆ, ಒಂದೊಂದು ಕಡೆ ಮೂರು ಮೂರು ಥರ್ಮಾಮೀಟರ್ ಇಟ್ಟು 114 ಹೊಸ ಕೇಂದ್ರಗಳ ಜಾಲ ಕಟ್ಟಿದರು. ಈ ಜಾಲದ ಅಂಕಿಗಳಿಗೆ ಇಂಥ ತಿದ್ದುಪಡಿ ಬೇಕಾಗಿಲ್ಲ. 2005ರಿಂದ ಇಡೀ ದೇಶದ ಲೆಕ್ಕ ಇದರಿಂದಲೂ ಸಿಗುತ್ತದೆ. ಹಳೆಯ ಕೇಂದ್ರಗಳ ತಿದ್ದಿದ ಲೆಕ್ಕ ಈ ಶುದ್ಧ ಜಾಲದ ಲೆಕ್ಕಕ್ಕೆ ತಾಳೆಯಾಗುತ್ತದೆ. ತಿದ್ದದ ಲೆಕ್ಕ ಅಷ್ಟು ಹತ್ತಿರ ಬರುವುದಿಲ್ಲ. ಬ್ಯಾಂಕಿನ ಪಾಸ್‌ಬುಕ್ ತರಿಸಿ ನಿಮ್ಮ ಕ್ಯಾಶ್‌ಬುಕ್ ಜೊತೆ ತಾಳೆ ನೋಡುವ ಹಾಗೆ ಇದು.

ಇಲ್ಲಿಯವರೆಗೆ ಅಮೆರಿಕದ ಮಾತಾಯಿತು. ಆ ದೇಶ ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ ಎರಡು ಭಾಗವೂ ಇಲ್ಲ. 71 ಭಾಗ ಸಮುದ್ರ. ಸಮುದ್ರದ ತಿದ್ದುಪಡಿ ಯಾವ ದಿಕ್ಕಿಗೆ ಹೋಗುತ್ತದೆ ಎಂಬುದು ನೀವು ನೋಡಿದ ಆ ಎರಡು ಗ್ರಾಫಿನಲ್ಲಿ ಕಾಣುವುದಿಲ್ಲ.

ಹಳೆಯ ಕಾಲದಲ್ಲಿ ಹಡಗಿನವರು ಬಕೆಟ್ ಇಳಿಸಿ ನೀರು ಸೇದಿ ಥರ್ಮಾಮೀಟರ್ ಅದ್ದುತ್ತಿದ್ದರು. ಮೊದಲು ಮರದ ಬಕೆಟ್, ಆಮೇಲೆ ಕ್ಯಾನ್ವಾಸ್ ಬಟ್ಟೆಯದ್ದು. ಒದ್ದೆ ಬಟ್ಟೆ ಸುತ್ತಿದ ಹೂಜಿಯ ನೀರು ಹೇಗೆ ತಣ್ಣಗಾಗುತ್ತದೆ ಎಂದು ನಮಗೆ ಗೊತ್ತಲ್ಲ. ಡೆಕ್ಕಿನ ಗಾಳಿಗೆ ಆ ಬಕೆಟ್ಟಿನ ನೀರೂ ಹಾಗೇ ತಣ್ಣಗಾಗುತ್ತಿತ್ತು. ಹೀಗೆ ಹಳೆಯ ಅಂಕಿಗಳು ಸರಾಸರಿಯಲ್ಲೇ 0.4 ಡಿಗ್ರಿವರೆಗೂ ಕಡಿಮೆ ಬಿದ್ದಿವೆ. ಮುಂದೆ ಎಂಜಿನ್ನು ತಂಪು ಮಾಡಲು ಒಳಗೆ ಎಳೆದುಕೊಳ್ಳುವ ನೀರನ್ನು ಅಳೆಯಲು ಶುರುಮಾಡಿದರು. ಎಂಜಿನ್ ಕೋಣೆಯ ಬಿಸಿಗೆ ಅದು ತುಸು ಜಾಸ್ತಿ ತೋರಿಸುತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ರಾತ್ರಿ ಡೆಕ್ಕಿನ ಮೇಲೆ ದೀಪ ಹಚ್ಚಿದರೆ ಶತ್ರುಗಳ ಕಣ್ಣಿಗೆ ಬೀಳುವ ಭಯ. ಹಾಗಾಗಿ ಬಕೆಟ್ ಬಿಟ್ಟು ಎಂಜಿನ್ ಕೋಣೆಯ ಅಳತೆ ಹೆಚ್ಚಾಯಿತು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಹಡಗುಗಳ ಬಕೆಟ್ ಅಳತೆ ಮತ್ತೆ ದೊಡ್ಡ ಪಾಲಾಯಿತು. ತಿದ್ದದ ಅಂಕಿಗಳಲ್ಲಿ 1945ರಲ್ಲಿ ಸಮುದ್ರ ದಿಢೀರನೆ ತಣ್ಣಗಾದಂತೆ ಕಾಣುತ್ತದೆ. ತಣ್ಣಗಾದದ್ದು ಸಮುದ್ರವಲ್ಲ.

ಬಕೆಟ್ಟಿನ ತಪ್ಪು ಸರಿಮಾಡಿದಾಗ ಹಳೆಯ ಕಾಲದ ಸಮುದ್ರದ ಉಷ್ಣಾಂಶ ಮೇಲಕ್ಕೆ ಏರುತ್ತದೆ. ಹಿಂದಿನದು ಮೇಲೆ ಹೋದರೆ ಅಂದಿನಿಂದ ಇಂದಿನವರೆಗಿನ ಏರಿಕೆ ಕಡಿಮೆಯಾಗುತ್ತದೆ. ನೆಲದ ತಿದ್ದುಪಡಿ, ಸಮುದ್ರದ ತಿದ್ದುಪಡಿ ಎರಡನ್ನೂ ಕೂಡಿಸಿ ನೋಡಿದರೆ, 19ನೇ ಶತಮಾನದ ಕೊನೆಯಿಂದ ಇಲ್ಲಿಯವರೆಗೆ ಭೂಮಿ ಬಿಸಿಯಾದ ಪ್ರಮಾಣ ತಿದ್ದಿದ ಲೆಕ್ಕದಲ್ಲಿ ಕಡಿಮೆ, ತಿದ್ದದ ಲೆಕ್ಕದಲ್ಲಿ ಜಾಸ್ತಿ. ದಯವಿಟ್ಟು ಈ ಒಂದು ಸಾಲನ್ನು ಎರಡು ಸಲ ಓದಿ. ಏರಿಕೆಯನ್ನು ದೊಡ್ಡದು ಮಾಡಿ ತೋರಿಸುವ ಆಸೆ ಇದ್ದವರು ಮಾಡಬೇಕಾಗಿದ್ದು ಸುಲಭ. ತಿದ್ದದೆ ಬಿಟ್ಟುಬಿಡಬೇಕಿತ್ತು.

ಸಮುದ್ರದ ವಿಷಯದಲ್ಲೇ 2015ರಲ್ಲಿ ದೊಡ್ಡ ಗಲಾಟೆ ಆಯಿತು. ಹಡಗುಗಳ ಜಾಗಕ್ಕೆ ಬಾಯ್‌ಗಳು, ಅಂದರೆ ನೀರಿನ ಮೇಲೆ ತೇಲುತ್ತ ಉಷ್ಣಾಂಶ ಅಳೆಯುವ ಉಪಕರಣಗಳು, ಬಂದಿದ್ದವು. ಬಾಯ್‌ಗಳು ಹಡಗುಗಳಿಗಿಂತ ಸುಮಾರು 0.12 ಡಿಗ್ರಿ ಕಡಿಮೆ ತೋರಿಸುತ್ತವೆ. ಕಾರ್ಲ್ ಅವರ ತಂಡ ಅದನ್ನು ಸರಿಹೊಂದಿಸಿತು. ಈಚಿನ ವರ್ಷಗಳ ಏರಿಕೆ ಸ್ವಲ್ಪ ಜಾಸ್ತಿಯಾಯಿತು. ಅಮೆರಿಕದ ಸಂಸತ್ತಿನ ವಿಜ್ಞಾನ ಸಮಿತಿಯ ಅಧ್ಯಕ್ಷರು ಇಮೇಲ್‌ಗಳನ್ನೂ ಕೊಡಿ ಎಂದು ಸಮನ್ಸ್ ಕಳಿಸಿದರು. 2017ರಲ್ಲಿ ಬೇರೆ ವಿಜ್ಞಾನಿಗಳು ಬಾಯ್‌ಗಳದ್ದನ್ನಷ್ಟೇ, ಉಪಗ್ರಹದ್ದನ್ನಷ್ಟೇ, ಸಮುದ್ರದಲ್ಲಿ ಮುಳುಗೇಳುವ ಆರ್ಗೋ ಉಪಕರಣಗಳದ್ದನ್ನಷ್ಟೇ ತೆಗೆದುಕೊಂಡು ಬೇರೆ ಬೇರೆಯಾಗಿ ಲೆಕ್ಕ ಹಾಕಿದರು. ಕಾರ್ಲ್ ತಂಡದ ಹೊಸ ಲೆಕ್ಕಕ್ಕೇ ಅವು ಹತ್ತಿರ ಬಂದವು.

ಈಗ ಕಾಂಕ್ರೀಟಿನ ಪ್ರಶ್ನೆ. ನಗರದ ಬಿಸಿ ನಿಜವಾದದ್ದು. ಬೆಂಗಳೂರಿನವರಿಗೆ ಬೇರೆ ಪುರಾವೆ ಬೇಡ. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ದಾಖಲಾಯಿತು. ಅದರಲ್ಲಿ ಭೂಮಿಯ ಬಿಸಿಯ ಪಾಲೂ ಇದೆ, ಕೆರೆ ಮುಚ್ಚಿ ರಸ್ತೆ ಮಾಡಿದ ಪಾಲೂ ಇದೆ. ಆ ಒಂದು ಅಂಕಿ ನೋಡಿ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಆದರೆ ಇಡೀ ಭೂಮಿಯ ಲೆಕ್ಕಕ್ಕೆ ಇದನ್ನು ಪರೀಕ್ಷಿಸುವ ದಾರಿ ಇದೆ. ಡೇವಿಡ್ ಪಾರ್ಕರ್ ಎಂಬ ಬ್ರಿಟಿಷ್ ವಿಜ್ಞಾನಿ 2004ರಲ್ಲಿ ಒಂದು ಸರಳ ಉಪಾಯ ಮಾಡಿದರು. ನಗರದ ಬಿಸಿ ಎದ್ದು ಕಾಣುವುದು ಗಾಳಿ ಇಲ್ಲದ ರಾತ್ರಿಗಳಲ್ಲಿ. ಗಾಳಿ ಬೀಸಿದರೆ ಅದು ಚದುರಿಹೋಗುತ್ತದೆ. ದಾಖಲಾದ ಏರಿಕೆ ನಗರದಿಂದ ಬಂದಿದ್ದರೆ, ಗಾಳಿ ಇಲ್ಲದ ರಾತ್ರಿಗಳಲ್ಲಿ ಏರಿಕೆ ಜಾಸ್ತಿ ಇರಬೇಕು. ಅವರು ಎರಡು ಥರದ ರಾತ್ರಿಗಳನ್ನೂ ಬೇರೆ ಮಾಡಿ ನೋಡಿದರು. ಏರಿಕೆ ಒಂದೇ ಸಮ ಇತ್ತು.

ಆಂಟನಿ ವಾಟ್ಸ್ ಎಂಬ ಅಮೆರಿಕದವರು 2007ರಿಂದ ಸ್ವಯಂಸೇವಕರನ್ನು ಕಳಿಸಿ ಕೇಂದ್ರಗಳ ಫೋಟೊ ತೆಗೆಸಿದರು. ಏಸಿಯ ಬಿಸಿಗಾಳಿ ಬಡಿಯುವ ಜಾಗದಲ್ಲಿ, ಡಾಂಬರಿನ ಪಕ್ಕದಲ್ಲಿ ಥರ್ಮಾಮೀಟರ್ ಇರುವುದನ್ನು ತೋರಿಸಿದರು. ನನ್ನ ಪ್ರಕಾರ ಅದು ಒಳ್ಳೆಯ ಕೆಲಸ. ಆದರೆ 2011ರಲ್ಲಿ ಅವರೂ ಸಹಲೇಖಕರಾಗಿದ್ದ ಅಧ್ಯಯನದಲ್ಲಿ ಕಂಡದ್ದು ಹೀಗೆ: ಕೆಟ್ಟ ಜಾಗದ ಕೇಂದ್ರಗಳಲ್ಲಿ ಕನಿಷ್ಠದ ಏರಿಕೆ ಜಾಸ್ತಿ, ಗರಿಷ್ಠದ ಏರಿಕೆ ಕಡಿಮೆ. ಸರಾಸರಿಗೆ ಬಂದರೆ ಒಳ್ಳೆಯ ಜಾಗಕ್ಕೂ ಕೆಟ್ಟ ಜಾಗಕ್ಕೂ ಏರಿಕೆ ಹೆಚ್ಚುಕಡಿಮೆ ಒಂದೇ.

ವಿಜ್ಞಾನಿಗಳು ತಪ್ಪೇ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 2007ರಲ್ಲಿ ಕೆನಡಾದ ಸ್ಟೀವ್ ಮೆಕಿಂಟೈರ್ ನಾಸಾದ ಲೆಕ್ಕದಲ್ಲಿ, 2000ದ ನಂತರದ ಅಮೆರಿಕದ ಅಂಕಿಗಳಲ್ಲಿ ಒಂದು ತಪ್ಪು ಹಿಡಿದರು. ಹೊರಗಿನವರು ಹಿಡಿದ ತಪ್ಪು. ನಾಸಾ ಒಪ್ಪಿ ಸರಿಮಾಡಿತು. ಅಮೆರಿಕದ ಮಟ್ಟಿಗೆ 1998ಕ್ಕಿಂತ 1934 ಕೂದಲೆಳೆಯಷ್ಟು ಮುಂದೆ ಬಂತು. ಇಡೀ ಭೂಮಿಯ ಲೆಕ್ಕ ಅಲುಗಲಿಲ್ಲ.

2009ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ಘಟಕದ ಇಮೇಲ್‌ಗಳು ಹೊರಬಿದ್ದವು. ಅದು ಇದಕ್ಕಿಂತ ನೋವಿನ ಸಂಗತಿ. ವಿಚಾರಣೆಗಳು ನಡೆದವು. ಅಂಕಿ ಸೃಷ್ಟಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ಆದರೆ ದತ್ತಾಂಶ ಹಂಚಿಕೊಳ್ಳುವುದರಲ್ಲಿ ಅವರು ತೆರೆದ ಮನಸ್ಸು ತೋರಲಿಲ್ಲ ಎಂದು ವಿಚಾರಣೆ ಸ್ಪಷ್ಟವಾಗಿ ಹೇಳಿತು. 1999ರ ಒಂದು ವರದಿಯ ಮುಖಪುಟಕ್ಕೆ ಮಾಡಿದ ಗ್ರಾಫಿನಲ್ಲಿ, 1960ರ ನಂತರ ಥರ್ಮಾಮೀಟರ್‌ಗೆ ಹೊಂದದ ಮರದ ಉಂಗುರಗಳ ಅಂಕಿಗಳನ್ನು (ಉಂಗುರಗಳ ಬೆಳವಣಿಗೆ ನೋಡಿ ಅಂದಾಜು ಮಾಡಿದ ಉಷ್ಣಾಂಶವನ್ನು) ಬಿಟ್ಟು, ಥರ್ಮಾಮೀಟರಿನ ಅಂಕಿಗಳನ್ನೇ ಜೋಡಿಸಿದ್ದರು. ಹಾಗೆ ಮಾಡಿದ್ದನ್ನು ಅಲ್ಲಿ ವಿವರಿಸಿರಲಿಲ್ಲ. ಆ ಗ್ರಾಫ್ ದಾರಿ ತಪ್ಪಿಸುವಂಥದ್ದು ಎಂದು ವಿಚಾರಣೆ ಹೇಳಿತು. ನಾನೂ ಅದನ್ನೇ ಹೇಳುತ್ತೇನೆ. ಅದು ಥರ್ಮಾಮೀಟರಿನ ದಾಖಲೆಯನ್ನು ತಿದ್ದಿದ ಪ್ರಕರಣ ಅಲ್ಲ. ಆದರೂ ಜನರ ನಂಬಿಕೆಗೆ ಅದರಿಂದ ಬಿದ್ದ ಪೆಟ್ಟು ಇನ್ನೂ ಮಾಗಿಲ್ಲ. ನಿಮ್ಮ ಪ್ರಶ್ನೆಯ ಹಿಂದೆಯೂ ಅದರ ನೆರಳು ಇರಬಹುದು.

ಆ ಹೊತ್ತಿನಲ್ಲಿ ನಿಮ್ಮ ಹಾಗೇ ಅನುಮಾನ ಪಟ್ಟವರಲ್ಲಿ ಬರ್ಕ್ಲಿಯ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಒಬ್ಬರು. ಹಳೆಯ ಲೆಕ್ಕಗಳನ್ನು ನಂಬದೆ, ಬೇರೆ ವಿಧಾನದಲ್ಲಿ, ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು ಕೇಂದ್ರಗಳ ಅಂಕಿ ಸೇರಿಸಿ ಹೊಸದಾಗಿ ಲೆಕ್ಕ ಹಾಕಲು ತಂಡ ಕಟ್ಟಿದರು. ಹಣ ಕೊಟ್ಟವರಲ್ಲಿ ತೈಲ ಉದ್ಯಮದ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಇತ್ತು. ಊರುಗಳಿಂದ ದೂರದ ಕೇಂದ್ರಗಳನ್ನಷ್ಟೇ ಆರಿಸಿಯೂ ನೋಡಿದರು. 2012ರಲ್ಲಿ ಮುಲ್ಲರ್ ತಮ್ಮ ಅಭಿಪ್ರಾಯ ಬದಲಾಗಿದೆ ಎಂದು ಪತ್ರಿಕೆಯಲ್ಲಿ ಬರೆದರು. 250 ವರ್ಷಗಳಲ್ಲಿ ನೆಲದ ಉಷ್ಣಾಂಶ ಸುಮಾರು 1.5 ಡಿಗ್ರಿ ಏರಿದೆ, ಹಿಂದಿನವರ ಲೆಕ್ಕ ಸರಿಯಿತ್ತು ಎಂದರು.

ಯಾರೂ ತಿದ್ದಲಾಗದ ದಾಖಲೆಯೂ ಒಂದಿದೆ. ಜಪಾನಿನ ಸುವಾ ಕೆರೆ ಚಳಿಗಾಲದಲ್ಲಿ ಹೆಪ್ಪುಗಟ್ಟುವ ದಿನವನ್ನು ಅಲ್ಲಿನ ದೇವಸ್ಥಾನದ ಅರ್ಚಕರು 1443ರಿಂದ ಬರೆದಿಡುತ್ತಾ ಬಂದಿದ್ದಾರೆ. ಅವರಿಗೆ ಥರ್ಮಾಮೀಟರ್ ಬೇಕಾಗಿರಲಿಲ್ಲ. ಹಿಂದೆ ಆ ಕೆರೆ ಹೆಪ್ಪುಗಟ್ಟದ ಚಳಿಗಾಲ ಅಪರೂಪ. ಈಚಿನ ದಶಕಗಳಲ್ಲಿ ಹೆಪ್ಪುಗಟ್ಟದ ಚಳಿಗಾಲಗಳು ಪದೇ ಪದೇ ಬರುತ್ತಿವೆ.

ಕೊನೆಗೆ ಒಂದು ಸಲಹೆ. ನನ್ನ ಮಾತನ್ನು ಸುಮ್ನೆ ನಂಬಬೇಡಿ. ಒಂದೇ ಥರದ ಎರಡು ಗರಿಷ್ಠ-ಕನಿಷ್ಠ ಥರ್ಮಾಮೀಟರ್ ತನ್ನಿ. ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ ಪಕ್ಕಪಕ್ಕ ತೂಗುಹಾಕಿ. ಒಂದನ್ನು ದಿನಾ ಸಂಜೆ 5ಕ್ಕೆ ಓದಿ, ಇನ್ನೊಂದನ್ನು ಬೆಳಗ್ಗೆ 7ಕ್ಕೆ. ನಮ್ಮಲ್ಲಿ ಒಂದು ದಿನಕ್ಕೂ ಮರುದಿನಕ್ಕೂ ಅಮೆರಿಕದಷ್ಟು ಏರುಪೇರು ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಏನೂ ವ್ಯತ್ಯಾಸ ಕಾಣದೆ ಇರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಮಾಡಿ. ಒಂದು ದಿನ ಬಿಸಿಲು ಕಾದು, ರಾತ್ರಿ ಗುಡುಗು ಮಳೆ ಹೊಡೆದು, ಮರುದಿನವೆಲ್ಲ ಮೋಡ ಮುಚ್ಚಿಕೊಂಡಿರುವುದನ್ನು ಕಾಯಿರಿ. ಆ ಮರುದಿನದ ಸಂಜೆ ಮೊದಲನೆಯ ಥರ್ಮಾಮೀಟರ್ ಏನು ತೋರಿಸುತ್ತದೆ ನೋಡಿ. ಅದರ ಮರು ಬೆಳಗ್ಗೆ ಎರಡನೆಯದನ್ನೂ ಓದಿ, ಎರಡು ಅಂಕಿಯನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ.